ಕಿವಿಯ ಹಿಂದೆ ಹಚ್ಚದ ಬಣ್ಣ

ಬೀದಿಯವರೆಲ್ಲ ಅವಳನ್ನು ಪಾರ್ಲರಕ್ಕ ಎಂದೇ ಕರೆಯುತ್ತಿದ್ದರು. ಎರಡು ಕುರ್ಚಿ, ತಲೆ ತೊಳೆಯುವ ಒಂದು ಬೇಸಿನ್, ಗೋಡೆಯುದ್ದಕ್ಕೂ ಕನ್ನಡಿ. ಅಷ್ಟನ್ನು ಮಾಡಿಕೊಳ್ಳಲು ಪಟ್ಟ ಪಾಡು ಅವಳಿಗೇ ಗೊತ್ತು. ಕೈ ಹಗುರ ಎಂದು ಹೆಸರು ಮಾಡಿದ್ದಳು. ಆ ಕೈಯಿಂದಲೇ ತಂಗಿಯ ಅತ್ತೆಗೆ ಹೀಗಾಯಿತು.

ಅತ್ತೆಗೆ ಮರುದಿನ ಆಫೀಸಿನಲ್ಲಿ ಬೀಳ್ಕೊಡುಗೆ. ಜೀವಮಾನವೆಲ್ಲ ದುಡಿದ ಕಡೆಯಿಂದ ನರೆತ ತಲೆ ಹೊತ್ತು ಹೊರಡಲಾರೆ ಎಂದು ಸಂಜೆ ಬಂದು ಕುರ್ಚಿಯಲ್ಲಿ ಕೂತರು. ಹಳೆಯ ಬಣ್ಣ ಮುಗಿದು, ಬೇರೆ ಕಂಪನಿಯದೊಂದು ಬಂದಿತ್ತು. ಹೊಸ ಬಣ್ಣವಾದರೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ, ಎರಡು ದಿನ ಕಾದು, ತುರಿಕೆ ಗಿರಿಕೆ ಇಲ್ಲವೆಂದು ಖಾತ್ರಿಯಾದ ಮೇಲೇ ತಲೆಗೆ ಮುಟ್ಟಿಸಬೇಕು. ಅವಳು ಅದನ್ನು ಹೇಳಿಯೂ ಹೇಳಿದಳು. ಬೀಳ್ಕೊಡುಗೆ ಮುಗಿದ ಮೇಲೆ ಹಚ್ಚಿಕೊಂಡು ಮನೆಯ ಬೆಕ್ಕಿಗೆ ತೋರಿಸಲೇ ಎಂದು ಅತ್ತೆ ನಕ್ಕರು. ಬೀಗರ ಕಡೆಯ ಹಿರಿಯರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಚ್ಚಿದಳು.

ಬೆಳಗಾಗುವಷ್ಟರಲ್ಲಿ ಅತ್ತೆಯ ರೆಪ್ಪೆಗಳು ಬಾತು ಕಣ್ಣೇ ಮುಚ್ಚಿಹೋಗಿತ್ತು. ನೆತ್ತಿಯಿಂದ ನೀರು ಒಸರುತ್ತಿತ್ತು. ಆಫೀಸಿನಲ್ಲಿ ಹಾರ ತಂದಿಟ್ಟುಕೊಂಡು ಕಾಯುತ್ತಿದ್ದ ಹೊತ್ತಿಗೆ ಅತ್ತೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು.

ಸುದ್ದಿ ತಿಳಿದು ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟಿದ ಪಾರ್ಲರಕ್ಕ ಮೊದಲು ಇನ್ಶೂರೆನ್ಸ್ ಏಜೆಂಟನಿಗೆ ಫೋನ್ ಮಾಡಿದಳು. ಅಂಗಡಿಯಲ್ಲಿ ಗಿರಾಕಿಗೆ ಆಕಸ್ಮಿಕವಾಗಿ ಏನಾದರೂ ಆದರೆ ಪರಿಹಾರವನ್ನು ಕಂಪನಿಯೇ ಕೊಡುವಂಥ ಪಾಲಿಸಿ ಅವಳದು. ಏಜೆಂಟ್ ಎಲ್ಲ ಕೇಳಿಸಿಕೊಂಡು, ಆಸ್ಪತ್ರೆಯ ಕಡೆ ತಲೆ ಹಾಕಲೇಬೇಡಿ ಎಂದ.

"ತಪ್ಪು ನಂದು ಅಂತ ಬಾಯ್ತಪ್ಪಿನೂ ಹೇಳ್ಬೇಡಿ ಮೇಡಂ. ಹೇಳಿದ್ರೆ ಕಂಪನಿ ಕೈ ತೊಳ್ಕೊಳ್ಳುತ್ತೆ. ಅವರು ಕೋರ್ಟಿಗೆ ಹೋದ್ರೆ ನಿಮ್ಮ ಅಂಗಡಿ ಉಳಿಯಲ್ಲ."

ಅವಳು ಚಪ್ಪಲಿ ಬಿಚ್ಚಿಟ್ಟಳು.

ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದರು. ಬಂದವರು ಸೊಸೆಯ ಜೊತೆ ಮಾತು ಬಿಟ್ಟರು. ತಂಗಿಯ ಗಂಡ ವಕೀಲರನ್ನು ಕಾಣುವ ಮಾತೆತ್ತಿದ. ತಂಗಿ ಫೋನ್ ಮಾಡಿದಾಗಲೆಲ್ಲ ಪಾರ್ಲರಕ್ಕ ಊಟ ಆಯ್ತಾ, ಮಗು ಹೇಗಿದೆ ಎಂದು ಮಾತು ಮರೆಸುತ್ತಿದ್ದಳು. ಕೊನೆಗೊಮ್ಮೆ ತಂಗಿ ಅಳುವುದನ್ನೂ ಬಿಟ್ಟು ತಣ್ಣಗೆ ಹೇಳಿದಳು.

"ಅಕ್ಕ, ನಾಳೆ ಇನ್ಶೂರೆನ್ಸ್ ಕಂಪನಿಯವರು ಅತ್ತೇನ ವಿಚಾರಿಸೋಕೆ ಬರ್ತಾರಂತೆ. ಹೊರಗಿನವರೇ ಬರ್ತಿದ್ದಾರೆ, ನೀನು ಬಂದಿಲ್ಲ. ನಾಳೇನೂ ಬರಲಿಲ್ಲ ಅಂದ್ರೆ ಇನ್ನು ಬರಲೇಬೇಡ."

ಮರುದಿನ ಅವಳು ಹೋದಾಗ ಕಂಪನಿಯವನು ಆಗಲೇ ಸೋಫಾದಲ್ಲಿ ಕೂತಿದ್ದ. ಎದುರಿಗೆ ಅತ್ತೆ, ತಲೆಗೆ ಹತ್ತಿಬಟ್ಟೆ ಸುತ್ತಿಕೊಂಡು. ಹಣೆಯ ಅಂಚಿನ ಚರ್ಮ ಸುಲಿದು ಕಪ್ಪಾಗಿತ್ತು. ಪಾರ್ಲರಕ್ಕ ಹೊಸ್ತಿಲಲ್ಲೇ ನಿಂತಳು. ಬಂದದ್ದು ಒಳ್ಳೆಯದೇ ಆಯಿತೆಂದು ಕಂಪನಿಯವನು ಅವಳನ್ನೇ ನೇರವಾಗಿ ಕೇಳಿದ: ಬಣ್ಣ ಹಚ್ಚುವ ಮುಂಚೆ ಕಿವಿಯ ಹಿಂದೆ ಪರೀಕ್ಷೆ ಮಾಡಿದ್ದಿರಾ?

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಮಾಡಿದ್ಲು. ಆಗ ಏನೂ ಆಗಿರಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತ ತಂಗಿ ಅಕ್ಕನನ್ನು ನೋಡುತ್ತಿದ್ದಳು. ಹೂಂ ಅಂದುಬಿಡು ಎನ್ನುವ ನೋಟ. ಹೂಂ ಅಂದರೆ ಸಾಕು, ಇದು ಯಾರ ತಪ್ಪೂ ಅಲ್ಲದ ಆಕಸ್ಮಿಕ. ಕಂಪನಿ ದುಡ್ಡು ಕಟ್ಟುತ್ತದೆ, ಅಂಗಡಿ ಉಳಿಯುತ್ತದೆ. ಆ ಸುಲಿದ ಹಣೆಯನ್ನು ನೋಡುತ್ತ ತಲೆಯಾಡಿಸಲು ಪಾರ್ಲರಕ್ಕನಿಂದ ಆಗಲಿಲ್ಲ.

"ಇಲ್ಲ ಸರ್, ಮಾಡಿರಲಿಲ್ಲ," ಎಂದಳು. ಆಮೇಲೆ ಅವನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದಳು. "ತಪ್ಪು ನಂದೇ ಅತ್ತೆ. ನೀವು ಎಷ್ಟೇ ಹೇಳಿದ್ರೂ ನಾನು ಹಚ್ಚಬಾರದಿತ್ತು. ಇಷ್ಟು ದಿನ ಬಂದು ನೋಡದೇ ಇದ್ದದ್ದು ಇನ್ನೂ ದೊಡ್ಡ ತಪ್ಪು."

ಕಂಪನಿಯವನು ಎದ್ದು ಹೋಗುವ ತನಕ ಅತ್ತೆ ತಡೆದುಕೊಂಡಿದ್ದರು.

"ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ? ನಿನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳಿದೆ ಅನ್ಕೊಂಡ್ಯಾ? ಅಕ್ಕನ ಅಂಗಡಿ ಮುಚ್ಚಿಸಿದವಳು ಅಂತ ನನ್ನ ಸೊಸೆ ಜನ್ಮಪೂರ್ತಿ ನನ್ನನ್ನ ನೋಡ್ತಾಳೆ. ಅದು ನಂಗೆ ಬೇಡವಾಗಿತ್ತು."

ತಂಗಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಕಂಪನಿ ಒಂದು ಕಾಸೂ ಕೊಡಲಿಲ್ಲ. ಪಾರ್ಲರಕ್ಕ ಒಂದು ಕುರ್ಚಿ ಮಾರಿ, ಮಿಕ್ಕದ್ದನ್ನು ಕೈಸಾಲ ಮಾಡಿ ಆಸ್ಪತ್ರೆಯ ಬಿಲ್ಲು ತೀರಿಸಿದಳು. ವಕೀಲರ ಸುದ್ದಿ ತಂಗಿಯ ಮನೆಯಲ್ಲಿ ಮತ್ತೆ ಏಳಲಿಲ್ಲ. ಏಳಗೊಡದವರು ಅತ್ತೆಯೇ ಎಂದು ಆಮೇಲೆ ಗೊತ್ತಾಯಿತು. ಪರೀಕ್ಷೆಗೆ ಎರಡು ದಿನ ಕಾಯುವುದಿಲ್ಲ ಎಂದ ಗಿರಾಕಿಗಳನ್ನು ಪಾರ್ಲರಕ್ಕ ಈಗ ಪಕ್ಕದ ಬೀದಿಯ ಅಂಗಡಿಗೆ ಕಳಿಸಿಬಿಡುತ್ತಾಳೆ. ಅತ್ತೆ ಪಾರ್ಲರಿನ ಮೆಟ್ಟಿಲು ಮತ್ತೆ ಹತ್ತಿಲ್ಲ, ಹತ್ತುವ ಹಾಗೂ ಕಾಣುವುದಿಲ್ಲ. ತಂಗಿ ಮಾತ್ರ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಉಳಿದ ಆ ಒಂದು ಕುರ್ಚಿಯಲ್ಲಿ ಕೂತು ಹರಟಿ ಹೋಗುತ್ತಾಳೆ.