ಅಮ್ಮ ಸುತ್ತಿದ ಮಾರ್ಕೆಟ್ಟುಗಳು

ನಮ್ಮಕ್ಕ ಹೋಟೆಲಿನ ಅಡುಗೆಯವಳು. ಹಾಲು ಕೆಡುವ ಮೊದಲೇ ಕೆಡುತ್ತದೆ ಎಂದು ಹೇಳುವ ಮೂಗು ಅವಳದು, ಅದರ ಜಂಬವೂ ಕಮ್ಮಿಯಿರಲಿಲ್ಲ. ಚಳಿಗಾಲದ ಜ್ವರ ಬಂದು ಹೋದಮೇಲೆ ಮೂಗು ಉಳಿಯಿತು, ವಾಸನೆ ಹೋಯಿತು. ಮಾಲೀಕರು, ಸರಿಹೋದ ಮೇಲೆ ಬಾ, ಅಲ್ಲಿವರೆಗೆ ಬೇರೆಯವಳು ನೋಡಿಕೊಳ್ಳುತ್ತಾಳೆ ಎಂದರು. ಆ ಬೇರೆಯವಳ ನೆನಪಾದರೆ ಅಕ್ಕನಿಗೆ ಊಟ ಸೇರದು.

ಅಂದಿನಿಂದ ನನ್ನನ್ನೂ ಎಳೆದುಕೊಂಡು ಬಡಾವಣೆ ಬಡಾವಣೆಯ ಮಾರ್ಕೆಟ್ಟು ಸುತ್ತುತ್ತಾಳೆ. ಯಾವುದಾದರೂ ಗಾಢ ವಾಸನೆ ಮೂಗನ್ನು ಎಬ್ಬಿಸೀತು ಎಂಬ ಆಸೆ. ಮೀನಿನ ಬುಟ್ಟಿ, ಪುದೀನ ಕಟ್ಟು, ಬೆಳ್ಳುಳ್ಳಿ ರಾಶಿ, ಎಲ್ಲದಕ್ಕೂ ಮೂಗು ತೂರಿಸುತ್ತಾಳೆ. ಇದೇನು ಅತ್ತರಿನ ಅಂಗಡಿಯೇ ಎಂದು ಗದರಿಸಿಕೊಂಡದ್ದೂ ಉಂಟು. ನನಗೆ ತಲೆ ಎತ್ತಲಾಗದು. ಅವಳಿಗೆ ಪರಿವೆಯೇ ಇಲ್ಲ.

ಹೋದ ಭಾನುವಾರ ರೈಲು ಹಳಿಯಾಚೆಯ ಮಾರ್ಕೆಟ್ಟಿಗೆ ಹೋದೆವು. ಅಕ್ಕ ಕರಬೂಜವೊಂದನ್ನು ಎತ್ತಿ, ತೊಟ್ಟಿಗೆ ಮೂಗಿಟ್ಟು ಕಣ್ಣು ಮುಚ್ಚಿದಳು. ಹಣ್ಣಿನವಳು ನಕ್ಕಳು.

"ನಿಮ್ಮ ಥರಾನೇ ಒಬ್ಬರು ಅಜ್ಜಿ ಬರ್ತಿದ್ರು. ಹಸಿರು ಚೀಲ, ದಾರ ಕಟ್ಟಿದ ಕನ್ನಡಕ. ಎಲ್ಲಾ ಮೂಸೋರು, ಏನೂ ಕೊಳ್ತಿರ್ಲಿಲ್ಲ. ಆಮೇಲೆ ಬರೋದೇ ನಿಂತುಹೋಯ್ತು."

ಅದು ನಮ್ಮಮ್ಮನೇ. ಕೊನೆಗಾಲದಲ್ಲಿ ಅವಳಿಗೆ ಹಾಲು ಒಡೆದದ್ದೂ, ತಳ ಹತ್ತಿದ್ದೂ ತಿಳಿಯುತ್ತಿರಲಿಲ್ಲ. ಒಂದು ದಿನ ಅಕ್ಕ ಸೌಟು ಕಿತ್ತುಕೊಂಡು, ಇನ್ನು ಒಲೆಯ ಹತ್ತಿರ ಬರಬೇಡ ಎಂದುಬಿಟ್ಟಳು. ಅಂದಿನಿಂದ ಅಮ್ಮ ಬೆಳಗಾದರೆ ಚೀಲ ಹಿಡಿದು ಹೊರಡುತ್ತಿದ್ದಳು, ಬರಿಗೈಯಲ್ಲಿ ಬರುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ ಎಂದು ನಾವಿಬ್ಬರೂ ನಗುತ್ತಿದ್ದೆವು.

"ಯಾಕೆ ಮೂಸ್ತಿದ್ರು ಅಂತ ಕೇಳಿದ್ರಾ?" ಎಂದಳು ಅಕ್ಕ.

"ಕೇಳ್ದೆ. ಮೂಗು ಸರಿಹೋದ್ರೆ ಮಗಳು ಮತ್ತೆ ಒಲೆ ಹತ್ರ ಬಿಡ್ತಾಳೆ ಅಂದ್ರು."

ಅಕ್ಕ ಹಣ್ಣನ್ನು ಕೆಳಗಿಡಲಿಲ್ಲ, ಕೊಂಡಳು. ದಾರಿಯುದ್ದಕ್ಕೂ ಅದನ್ನು ಎದೆಗವಚಿಕೊಂಡೇ ನಡೆದಳು.

ಮನೆಯಲ್ಲಿ ಕೊಯ್ದಾಗ ಕೊಳೆತ ವಾಸನೆ ಗಬ್ಬೆಂದು ಮುಖಕ್ಕೆ ಹೊಡೆಯಿತು. ಅವಳಿಗೆ ಗೊತ್ತಾಗಲಿಲ್ಲ. ಒಂದು ಹೋಳು ನನ್ನ ಕೈಗಿಟ್ಟು ಹೇಗಿದೆ ಎಂದು ಕೇಳಿದಳು. ಅಮ್ಮನೂ ಹೀಗೇ ತಟ್ಟೆ ಮುಂದಿಟ್ಟು ನಮ್ಮ ಮುಖವನ್ನೇ ನೋಡುತ್ತಿದ್ದಳು.

ನಾನು ಬಾಯಿಗಿಟ್ಟು ನುಂಗಿ, ತುಂಬಾ ಚೆನ್ನಾಗಿದೆ ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಹೋಳನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

"ಕೆಟ್ಟಿದೆ ಅಂತ ನಿನ್ನ ಮುಖಾನೇ ಹೇಳ್ತಿದೆ. ಅಮ್ಮಂಗೆ ನಾನೂ ಒಂದ್ಸಲ ಹೀಗೆ ಸುಳ್ಳು ಹೇಳ್ಬಹುದಿತ್ತು ಕಣೋ."