ಆರ್ವಿಡ್ ಆರಿಸಿದ ಹಿತ್ತಾಳೆ

“ಆ ಡಬ್ಬಿ ಅಲ್ಲೇ ಇಡು ಲೈಲ್.”

ನೆಲಮಾಳಿಗೆಯ ಮೆಟ್ಟಿಲು ಅರ್ಧ ಇಳಿದು, ಒಂದೇ ಕಾಲಿಗೆ ಬೂಟು ಹಾಕಿಕೊಂಡು ಮಾರ್ಗಿಟ್ ನಿಂತಿದ್ದಳು. ಕೆಳಗೆ ಅವಳ ಗಂಡ ಆರ್ವಿಡ್‌ನ ಕೆಲಸದ ಮೇಜಿನ ಮುಂದೆ ಲೈಲ್ ಪ್ರೂಯಿಟ್ ತನಗಿರುವ ಒಂದೇ ಸೂಟು ತೊಟ್ಟು, ಪಿಸ್ತೂಲು ಗುಂಡಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎದೆಗವಚಿಕೊಂಡಿದ್ದ. ಡಬ್ಬಿಯ ಸುತ್ತ ಅಂಟುಪಟ್ಟಿ, ಪಟ್ಟಿಯ ಮೇಲೆ ಅವನದೇ ದಪ್ಪ ಅಕ್ಷರದಲ್ಲಿ ಲೈಲ್‌ನ ಹೆಸರು.

“ನನ್ನ ಹೆಸರೇ ಬರೆದಿದಾನೆ ಕಣೇ. ಅವನು ತುಂಬಿಸಿದ ಕೊನೇ ಡಬ್ಬಿ ಇದು. ಮಣ್ಣು ಮಾಡೋವಾಗ ಮೂರು ಜನ ಮೂರ್ಮೂರು ಗುಂಡು ಹೊಡೀತೀವಿ. ಕ್ಲಬ್ಬಿನವರು ಯಾರು ಹೋದ್ರೂ ಹಾಗೇ ಅಲ್ವಾ?”

“ಅಂಗಡಿ ಗುಂಡು ಹೊಡೀರಿ.”

“ಅಂಗಡಿ ಗುಂಡಾ? ಆರ್ವಿಡ್ ಸ್ಯಾಂಡ್‌ವಿಕ್ ಮಣ್ಣಿಗೆ?” ಲೈಲ್‌ನ ಮುಖ ಕೆಂಪಾಯಿತು. “ಪೆಟ್ಟಿಗೆಯಿಂದ ಎದ್ದು ಬಂದು ನನ್ನ ಮುಖಕ್ಕೆ ಉಗೀತಾನೆ ಅಷ್ಟೆ.”

ಮೇಲಿನಿಂದ ತಂಗಿ ಡೋರೀನ್ ಕೂಗಿದಳು. “ಮಾರ್ಗಿಟ್, ನಿನ್ನ ಇನ್ನೊಂದು ಬೂಟು ಸಿಕ್ತು, ನಾಯಿ ಕಚ್ಚಿಕೊಂಡು ಕೂತಿತ್ತು. ಬೇಗ ಬಾ, ಪಾಸ್ಟರ್ ಕಾಯ್ತಿದಾರೆ.”

ಲೈಲ್ ಡಬ್ಬಿಯನ್ನು ಕೋಟಿನೊಳಗೆ ಸೇರಿಸಿ, ಅವಳ ಭುಜ ತಟ್ಟಿ ಮೆಟ್ಟಿಲು ಹತ್ತಿಹೋದ. ಅತ್ತೂ ಅತ್ತೂ ಪಾಪ ಇವಳಿಗೆ ತಲೆ ನಿಂತಿಲ್ಲ ಎಂದುಕೊಂಡಿರಬೇಕು. ಅವಳಿಗೆ ತಲೆ ಸರಿಯಾಗಿಯೇ ನಿಂತಿತ್ತು. ಆ ಡಬ್ಬಿಯ ಗುಂಡುಗಳನ್ನು ನಂಬುವಂತಿಲ್ಲ ಎನ್ನುವುದು ಈ ಊರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಗಂಡನ ಮಾನ ಅವನ ಪೆಟ್ಟಿಗೆಯ ಮುಂದೆಯೇ ಹೋಗುತ್ತಿತ್ತು. ಹೇಳದಿದ್ದರೆ ಲೈಲ್‌ನ ಕೈ.

*

ಮೊಂಟಾನಾದ ಈ ಮೂಲೆಯಲ್ಲಿ ಗಾಳಿ ಬಿಟ್ಟರೆ ಬೇರೆ ಮನರಂಜನೆ ಇಲ್ಲ. ಹಾಗಾಗಿ ಗಂಡಸರು ಶನಿವಾರ ಬಂತೆಂದರೆ ಪಿಸ್ತೂಲು ಹಿಡಿದು ಕ್ಲಬ್ಬಿಗೆ ಹೋಗುತ್ತಾರೆ. ಗುಂಡು ಹಾರಿದ ಮೇಲೆ ಪಿಸ್ತೂಲಿನ ಪಕ್ಕದಿಂದ ಸಿಡಿದು ಬೀಳುವ ಖಾಲಿ ತೋಟೆಗೆ ನಮ್ಮವರು ಬರೀ ‘ಹಿತ್ತಾಳೆ’ ಎನ್ನುತ್ತಾರೆ. ಅದನ್ನು ಹೆಕ್ಕಿ ತಂದು, ತೊಳೆದು, ಮತ್ತೆ ಮದ್ದು ತುಂಬಿಸಿದರೆ ಮತ್ತೊಂದು ಗುಂಡು. ಒಳ್ಳೆಯ ಹಿತ್ತಾಳೆ ಹತ್ತು ಸಲ ತುಂಬಿಸಿದರೂ ಬೇಸರಿಸುವುದಿಲ್ಲ. ಕೆಟ್ಟದ್ದು ಮಾತ್ರ ಹೇಳದೆ ಕೇಳದೆ ಬಿರಿಯುತ್ತದೆ, ಪಿಸ್ತೂಲನ್ನೂ ಸೀಳುತ್ತದೆ. ಪಕ್ಕದ ಕೌಂಟಿಯ ಒಬ್ಬಾತ ಹಾಗೆ ಹೆಬ್ಬೆರಳನ್ನೇ ಕಳೆದುಕೊಂಡಿದ್ದ.

ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸಿಕೊಂಡೇ ಮುದುಕನಾದ ಆರ್ವಿಡ್‌ಗೆ ಊರಲ್ಲಿ ಇದ್ದ ಹೆಸರೆಲ್ಲ ಈ ಹಿತ್ತಾಳೆ ಆರಿಸುವುದರಿಂದಲೇ ಬಂದದ್ದು. ಒಂದು ಹಿಡಿ ಖಾಲಿ ತೋಟೆಗಳನ್ನು ಬೊಗಸೆಯಲ್ಲಿ ಹಾಕಿ ಕಿವಿಯ ಹತ್ತಿರ ಕುಲುಕುತ್ತಿದ್ದ. ಎಲ್ಲವೂ ಗಟ್ಟಿಯಾಗಿದ್ದರೆ ಕಿಣಿಕಿಣಿ ಅನ್ನುತ್ತವೆ. ಒಂದರ ಬಾಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನಡುವೆ ಒಡಕು ಮಡಕೆಯ ಸದ್ದು. “ಇದರಲ್ಲೊಬ್ಬ ಕಳ್ಳ ಇದಾನೆ” ಎಂದು ಆ ಒಂದನ್ನೇ ಹುಡುಕಿ ತೆಗೆದು ಇಕ್ಕಳದಲ್ಲಿ ಜಜ್ಜಿ ಎಸೆಯುತ್ತಿದ್ದ. ಹೊಸ ಹಿತ್ತಾಳೆ ಕೊಳ್ಳುವವರನ್ನು ಕಂಡರೆ ಅವನಿಗೆ ತಾತ್ಸಾರ. “ಹೊಸದನ್ನ ಯಾವ ಪೆದ್ದನಾದ್ರೂ ಕೊಳ್ತಾನೆ. ಆರಿಸೋಕೆ ಕಿವಿ ಬೇಕು.”

ಆ ಕಿವಿಯೇ ಹೋಗಿತ್ತು. ಹರೆಯದಲ್ಲಿ ಕಿವಿಗೆ ಏನನ್ನೂ ಕಟ್ಟಿಕೊಳ್ಳದೆ ಗುಂಡು ಹೊಡೆದ ಪ್ರತಾಪ, ಜೊತೆಗೆ ರಸ್ತೆ ಯಂತ್ರದ ಗುಡುಗು. ಎರಡು ವರ್ಷದ ಹಿಂದೆ ಮಾರ್ಗಿಟ್ ಅವನ ಬೆನ್ನ ಹಿಂದೆ ಬಾಣಲೆ ಬೀಳಿಸಿದರೂ ಅವನು ತಿರುಗಲಿಲ್ಲ. ಕಿವಿಯ ಯಂತ್ರ ಹಾಕಿಸಿಕೋ ಎಂದರೆ ಎರಡು ದಿನ ಮಾತು ಬಿಟ್ಟ. ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಕ್ಲಬ್ಬಿನಲ್ಲಿ ತಾನೇ ಎಲ್ಲರಿಗಿಂತ ಜಾಸ್ತಿ ಮಾತಾಡತೊಡಗಿದ. ಮಾತಾಡುವವನನ್ನು ಕಿವುಡ ಎಂದು ಯಾರು ಅನುಮಾನಿಸುತ್ತಾರೆ?

ಹಿತ್ತಾಳೆಯನ್ನು ಮಾತ್ರ ಹಾಗೇ ಕುಲುಕುತ್ತಲೇ ಇದ್ದ. ಏನೋ ಕೇಳಿಸಿದವನಂತೆ ತಲೆದೂಗಿ, ಯಾವುದೋ ಒಂದನ್ನು ತೆಗೆದು ಎಸೆಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಮಾರ್ಗಿಟ್ ಅವನು ‘ಪಾಸು’ ಮಾಡಿದ ಹಿತ್ತಾಳೆಯನ್ನು ಅಡುಗೆಮನೆಯ ಕಿಟಕಿಗೆ ತಂದು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಬಾಯಿ ಬಿರಿದವು ಸಿಕ್ಕವು. ಬುಡ ಉಬ್ಬಿದವು ಸಿಕ್ಕವು. ಅವನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಕಸಕ್ಕೆ ಹಾಕಿದಳು. ಅವತ್ತಿನಿಂದ ಅವನು ಮಲಗಿದಾಗಲೆಲ್ಲ ಅವಳಿಗೆ ಅದೇ ಕೆಲಸವಾಯಿತು. ಗಂಡನ ಮಾನವೂ ಉಳಿಯಿತು, ಊರವರ ಬೆರಳುಗಳೂ ಉಳಿದವು.

*

ಚರ್ಚಿನಲ್ಲಿ ಪಾಸ್ಟರ್ ಆರ್ವಿಡ್‌ನ ಕಿವಿಯನ್ನೇ ಹೊಗಳಿದರು.

“ಆರ್ವಿಡ್ ಒಂದು ಹಿಡಿ ಹಿತ್ತಾಳೆ ಕುಲುಕಿ ಒಳಗಿನ ಬಿರುಕನ್ನ ಕೇಳಿಸಿಕೊಳ್ತಿದ್ದರು. ನಾನು ಉಪದೇಶ ಮಾಡುವಾಗ ಮುಂದಿನ ಸಾಲಲ್ಲಿ ಅವರನ್ನ ಕಂಡರೆ ನನಗೆ ಭಯ ಆಗ್ತಿತ್ತು.”

ಜನ ನಕ್ಕರು. ಅಳುತ್ತಿದ್ದವರೂ ನಕ್ಕರು. ಲೈಲ್ ಮೂಗು ಒರೆಸಿಕೊಂಡು ಕೋಟಿನ ಮೇಲಿಂದ ಡಬ್ಬಿಯನ್ನು ತಟ್ಟಿದ.

“ಏನಾಯ್ತೇ? ಬೆವರ್ತಿದೀಯ” ಎಂದು ಡೋರೀನ್ ಪಿಸುಗುಟ್ಟಿದಳು.

“ಲೈಲ್‌ನ ಆಚೆ ಕರಿ. ಒಂದು ಮಾತು ಹೇಳ್ಬೇಕು.”

“ಈಗ್ಲಾ? ಹಾಡು ಶುರುವಾಯ್ತು. ಕಾಫಿ ಕುಡಿಯೋವಾಗ ಹೇಳುವಿಯಂತೆ.”

ಕಾಫಿ ಇದ್ದದ್ದು ಮಣ್ಣು ಮಾಡಿದ ಮೇಲೆ. ಆಮೇಲೆ ಹೇಳಿ ಏನು ಪ್ರಯೋಜನ? ಪೆಟ್ಟಿಗೆಯನ್ನು ಎತ್ತಿದ ಆರು ಜನರಲ್ಲಿ ಲೈಲ್ ಮುಂದಿನವನಾಗಿದ್ದ. ಹೊರಗೆ ಬಂದ ಮೇಲೂ ಅವನ ಸುತ್ತ ಜನವೇ ಜನ. ಒಬ್ಬನೇ ಸಿಗಲಿ ಎಂದು ಕಾದದ್ದು ಅವಳ ತಪ್ಪು. ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಹೇಳಬಹುದಿತ್ತು, ಮೇಲೆ ತಂಗಿ ಇದ್ದಳೆಂದು ಬಾಯಿ ಕಟ್ಟಿತು.

*

ಈ ಡಬ್ಬಿಯೊಂದನ್ನು ಮಾತ್ರ ಅವಳು ನೋಡಿರಲಿಲ್ಲ. ಯಾಕೆಂದರೆ ಅದು ತಯಾರಾಗುವಾಗ ಅವಳು ಮನೆಯಲ್ಲೇ ಇರಲಿಲ್ಲ.

ಕ್ಲಬ್ಬಿನ ದೋಸೆಯೂಟದ ದಿನ ಯಾರೋ, “ಆರ್ವಿಡ್, ನಿನ್ನ ವಿದ್ಯೆ ಮಾರ್ಗಿಟ್‌ಗಾದ್ರೂ ಹೇಳಿಕೊಡೋ” ಎಂದರು. ಇಲ್ಲಿ ದೋಸೆ ಎಂದರೆ ದಪ್ಪನೆಯ ಪ್ಯಾನ್‌ಕೇಕು, ಮೇಲೆ ಸಿಹಿ ಪಾಕ. ಆರ್ವಿಡ್ ಇಡೀ ಹಾಲಿಗೆ ಕೇಳುವಂತೆ, “ಇವಳಿಗಾ? ಇವಳಿಗೆ ಒಳ್ಳೇ ಹಿತ್ತಾಳೆಗೂ ಹೊಲಿಯೋವಾಗ ಬೆರಳಿಗೆ ಹಾಕೋ ಟೋಪಿಗೂ ವ್ಯತ್ಯಾಸ ಗೊತ್ತಿಲ್ಲ!” ಎಂದು ಅರಚಿದ. ಎಲ್ಲರೂ ಮೇಜು ತಟ್ಟಿ ನಕ್ಕರು.

ಹಿಂದಿನ ದಿನವಷ್ಟೇ ಅವಳು ಅವನ ‘ಒಳ್ಳೆಯ’ ಹಿತ್ತಾಳೆಯಿಂದ ಒಂದು ಹಿಡಿ ಕೆಟ್ಟದ್ದನ್ನು ಆರಿಸಿ ಎಸೆದಿದ್ದಳು. ಮನೆಗೆ ಹೋದವಳೇ ಚೀಲ ತುಂಬಿಕೊಂಡು ಡೋರೀನ್ ಮನೆಗೆ ಹೊರಟಳು. ಆರಿಸಿಕೊಳ್ಳಲಿ ತಾನೇ, ನೋಡೋಣ, ಎಂದುಕೊಂಡಳು. ಅಷ್ಟು ಕೋಪ ಬಂದಿತ್ತು.

ಅವನು ಎರಡು ಸಲ ಫೋನು ಮಾಡಿದ.

“ಮಾರ್ಗಿಟ್, ಇದೀಯಾ?”

“ಇದೀನಿ. ಏನು?”

“ಮಾರ್ಗಿಟ್?”

“ಇದೀನಿ ಅಂದ್ನಲ್ಲ!”

“ಹಲೋ? ಸರಿ, ಮಾತಾಡಲ್ಲ ಅಂದ್ರೆ ಬಿಡು” ಎಂದು ಇಟ್ಟುಬಿಟ್ಟ. ಎರಡನೇ ಸಲವೂ ಹಾಗೆಯೇ. ಫೋನಿನಲ್ಲಿ ನೋಡಲು ತುಟಿ ಎಲ್ಲಿರುತ್ತದೆ? ಇವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಹಟ ಬಿಡಲಿಲ್ಲ. ಇನ್ನೊಂದು ವಾರ ಬೇಯಲಿ, ಭಾನುವಾರ ಹೋದರಾಯಿತು ಎಂದುಕೊಂಡಳು. ಶುಕ್ರವಾರ ಲೈಲ್ ಹೋದಾಗ ಆರ್ವಿಡ್ ಕೆಲಸದ ಮೇಜಿನ ಕುರ್ಚಿಯಲ್ಲಿ ತಲೆವಾಲಿಸಿ ಕೂತಿದ್ದ, ಮೈ ತಣ್ಣಗಾಗಿತ್ತು. ಅವನ ಮುಂದೆ ಈ ಡಬ್ಬಿ ಇತ್ತು.

*

ಸ್ಮಶಾನದ ಬೇಲಿಯಾಚೆ ಹಳೆಯ ಜಲ್ಲಿಗುಂಡಿಯ ಮಣ್ಣಿನ ದಿಬ್ಬವಿದೆ. ಗುಂಡು ಅಲ್ಲಿಗೆ ಹೊಡೆಯಲು ಶೆರಿಫ್ ಒಪ್ಪಿದ್ದ. ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಪಟ್ಟಿಗಳ ಮೇಲೆ ಇಳಿಸಿದರು. ಪಾಸ್ಟರ್ ಹಿಡಿ ಮಣ್ಣು ಹಾಕಿದರು. ಕ್ಲಬ್ಬಿನ ಮೂವರು ಬೇಲಿಯ ಹತ್ತಿರ ಸಾಲಾಗಿ ನಿಂತರು. ಲೈಲ್ ಜೇಬಿನ ಚಾಕು ತೆಗೆದು ಡಬ್ಬಿಯ ಅಂಟುಪಟ್ಟಿಗೆ ತಾಗಿಸಿದ.

“ಬೇಡ ಲೈಲ್. ಅವನು ಕಿವುಡ ಆಗಿದ್ದ.”

ಗಾಳಿಯಿದ್ದರೂ ಎಲ್ಲರಿಗೂ ಕೇಳಿಸಿತು.

“ಏನಂದೆ?”

“ಎರಡು ವರ್ಷ ಆಯ್ತು. ನಿಮ್ಮ ತುಟಿ ನೋಡಿ ಮಾತಾಡ್ತಿದ್ದ. ಹಿತ್ತಾಳೆ ಸುಮ್ನೆ ಕುಲುಕ್ತಿದ್ದ ಅಷ್ಟೆ, ಅವನಿಗೇನೂ ಕೇಳಿಸ್ತಿರಲಿಲ್ಲ.”

“ಸುಮ್ನಿರೇ ಮಾರಾಯ್ತಿ, ಎಲ್ಲಾರೂ ಇದಾರೆ” ಎಂದು ಡೋರೀನ್ ಅವಳ ತೋಳು ಹಿಡಿದಳು.

ಲೈಲ್ ಚಾಕುವನ್ನು ಪಟ್ಟಿಯಿಂದ ತೆಗೆಯಲಿಲ್ಲ. “ಎರಡು ವರ್ಷದಿಂದ ಅವನ ಗುಂಡೇ ಹೊಡೀತಿದೀವಿ. ಒಂದೇ ಒಂದು ಕೈಕೊಟ್ಟಿಲ್ಲ. ಅದು ಹೇಗೆ?”

“ಅವನು ಮಲಗಿದಾಗ ನಾನು ಮತ್ತೆ ಆರಿಸ್ತಿದ್ದೆ. ಈ ಡಬ್ಬಿ ನೋಡಿಲ್ಲ. ಜಗಳ ಆಡ್ಕೊಂಡು ಇವಳ ಮನೇಲಿ ಕೂತಿದ್ದೆ. ನಿನ್ನ ಕೈ ಹೋದ್ರೆ ಏನ್ ಮಾಡ್ಲಿ ನಾನು?”

ಹಿಂದೆ ಯಾರೋ ಹೆಂಗಸು, “ಅಯ್ಯೋ ಪಾಪ ಆರ್ವಿಡ್” ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಇದು ಊರೆಲ್ಲ ಸುತ್ತುತ್ತದೆಂದು ಮಾರ್ಗಿಟ್‌ಗೆ ಗೊತ್ತಿತ್ತು.

ಲೈಲ್ ಪಟ್ಟಿ ಕತ್ತರಿಸಿ, ಮುಚ್ಚಳ ತೆಗೆದು, ಡಬ್ಬಿಯನ್ನು ಅವಳ ಕೈಗಿಟ್ಟ. “ಹಾಗಾದ್ರೆ ಈಗ ನೋಡು. ನೀನೇ ನೋಡಿ ಹೇಳು.”

ಗುಂಡುಗಳು ಬುಡ ಮೇಲಾಗಿ ಸಾಲಾಗಿ ಕೂತಿದ್ದವು. ಆರ್ವಿಡ್‌ನ ಡಬ್ಬಿ ಎಂದರೆ ನೆಲದಿಂದ ಹೆಕ್ಕಿದ ಹತ್ತು ಕಾರ್ಖಾನೆಗಳ ಹಿತ್ತಾಳೆ, ಬುಡದ ಮೇಲೆ ಹತ್ತು ನಮೂನೆಯ ಅಕ್ಷರ. ಇಲ್ಲಿ ಎಲ್ಲದರ ಬುಡದಲ್ಲೂ ಒಂದೇ ಅಕ್ಷರ. ಅವಳು ಕನ್ನಡಕ ಏರಿಸಿ ಒಂದನ್ನು ಎಳೆದು ಬೆಳಕಿಗೆ ಹಿಡಿದಳು. ಒಮ್ಮೆ ಹಾರಿದ ಹಿತ್ತಾಳೆಯ ಅಂಚಿನಲ್ಲಿ ಪಿಸ್ತೂಲಿನ ಕೊಕ್ಕೆ ಕಚ್ಚಿದ ಗೀರು ಇದ್ದೇ ಇರುತ್ತದೆ. ಇದರಲ್ಲಿ ಇರಲಿಲ್ಲ. ಇನ್ನೊಂದನ್ನು ತೆಗೆದಳು. ಅದರಲ್ಲೂ ಇರಲಿಲ್ಲ. ಮೂರನೆಯದರಲ್ಲೂ ಇರಲಿಲ್ಲ.

“ಹೊಸದು” ಎಂದಳು.

“ಏನು ಹೊಸದು?”

“ಹಿತ್ತಾಳೆ. ಎಲ್ಲಾ ಹೊಸದು. ಕೊಂಡು ತಂದಿದಾನೆ.”

“ಆರ್ವಿಡ್ಡಾ? ದುಡ್ಡು ಕೊಟ್ಟು ಹೊಸ ಹಿತ್ತಾಳೆ ತಂದ್ನಾ?” ಲೈಲ್‌ಗೆ ನಗು ಬಂದಂತಾಗಿ ಅದು ಅಳುವಾಯಿತು. “ಯಾಕೆ?”

“ನಾನು ಮನೇಲಿರಲಿಲ್ಲ ಲೈಲ್. ಅದಕ್ಕೆ.”

ಅವಳು ಮತ್ತೆ ಆರಿಸುವುದು ಅವನಿಗೆ ಗೊತ್ತಿತ್ತು. ಚಳಿಗಾಲದಿಂದೀಚೆಗೆ ಅವನು ಆರಿಸಿದ ಹಿತ್ತಾಳೆಯನ್ನು ಕೆಳಗೆ ಒಯ್ಯುವುದನ್ನೇ ಬಿಟ್ಟಿದ್ದ. ಅಡುಗೆಮನೆಯ ಮೇಜಿನ ಮೇಲೆ, ಕಿಟಕಿಯ ಪಕ್ಕಕ್ಕೇ ಇಟ್ಟು ಮಲಗಲು ಹೋಗುತ್ತಿದ್ದ. “ಊಟದ ಮೇಜಿನ ಮೇಲೆ ಈ ಹೊಲಸು ಯಾಕೆ?” ಎಂದು ಅವಳೇ ಬೈದಿದ್ದಳು. ಅವನು ಕೇಳಿಸದವನಂತೆ ಹೋಗಿದ್ದ. ಇಬ್ಬರಲ್ಲಿ ಒಬ್ಬರು ಒಂದು ಮಾತು ಆಡಿದ್ದರೆ ಆ ಮೇಜಿನ ಮುಂದೆ ಒಟ್ಟಿಗೆ ಕೂತು ಆರಿಸಬಹುದಿತ್ತು. ತಾನು ಅವನ ಮಾನವನ್ನು ಎರಡು ವರ್ಷ ಕಾಪಾಡಿ, ಇವತ್ತು ಹೇಳುವ ಅಗತ್ಯವೇ ಇಲ್ಲದ ಹೊತ್ತಿನಲ್ಲಿ ಬೀದಿಗೆ ಚೆಲ್ಲಿದೆನಲ್ಲ ಎಂದುಕೊಂಡಳು. ಬೆಳಿಗ್ಗೆ ಡಬ್ಬಿಯ ಮುಚ್ಚಳವೊಂದನ್ನು ತೆಗೆದಿದ್ದರೆ ಸಾಕಿತ್ತು.

“ಮಾರ್ಗಿಟ್, ಬೇಡ ಅಂದ್ರೆ ಬಿಟ್ಬಿಡ್ತೀವಿ” ಎಂದ ಲೈಲ್ ಮೆಲ್ಲಗೆ.

“ಹೊಡೀರಿ. ಅವನು ತುಂಬಿಸಿದ್ದು. ಚೆನ್ನಾಗಿದೆ.”

ಮೂವರೂ ಹೊಡೆದರು. ಪ್ರತಿ ಸಲವೂ ಜನ ಬೆಚ್ಚಿದರು. ಪಾಸ್ಟರ್ ಕೂಡ ಬೆಚ್ಚಿದರು. ದಿಬ್ಬದ ಮಣ್ಣು ಎದ್ದು ಗಾಳಿಗೆ ಹೋಯಿತು. ಬಿಸಿ ಹಿತ್ತಾಳೆ ಬೇಲಿಯ ಬುಡದ ಒಣ ಹುಲ್ಲಿನಲ್ಲಿ ಚೆದುರಿ ಬಿತ್ತು. ಗುಂಡು ಹೊಡೆದವರೇ ಅದನ್ನು ಹೆಕ್ಕಿ ಹೆಂಡತಿಯ ಕೈಗೆ ಕೊಡುವುದು ರೂಢಿ. ಲೈಲ್ ಬಗ್ಗಿದ.

“ಮುಟ್ಬೇಡ. ಯಾರೂ ಮುಟ್ಬೇಡಿ.”

ಮಾರ್ಗಿಟ್ ಕರಿ ಲಂಗವನ್ನು ಒತ್ತರಿಸಿಕೊಂಡು ಹುಲ್ಲಿನಲ್ಲಿ ಮೊಣಕಾಲೂರಿದಳು. ಗಂಡಸರು ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಚರ್ಚಿನಲ್ಲಿ ಕಾಫಿ ಆರುತ್ತಿದೆ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಅವಳು ಅಷ್ಟು ಜನರ ಎದುರು, ಒಂದೊಂದನ್ನೇ ಹೆಕ್ಕಿ ಊದಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ತಿರುಗಿಸಿ ನೋಡಿದಳು. ಎಲ್ಲವೂ ಚೆನ್ನಾಗಿದ್ದವು. ಮಡಿಲಿಗೆ ಹಾಕಿಕೊಂಡು, ಮತ್ತೆ ಮೊದಲನೆಯದರಿಂದ ನೋಡತೊಡಗಿದಳು.