ಬಿಚ್ಚಿಕೊಳ್ಳಬೇಕಾಗಿದ್ದ ಹೊಲಿಗೆ

ಹೊಸ ಕಾರು ಮನೆಗೆ ಬಂದರೆ ಮೊದಲು ಹುಟ್ಟುವ ಚಿಂತೆ ಸೀಟಿನದು. ಮಕ್ಕಳು ಏನಾದರೂ ಚೆಲ್ಲುತ್ತಾರೆ, ನೆಂಟರು ಕೆಸರು ಕಾಲಲ್ಲೇ ಹತ್ತುತ್ತಾರೆ. ಅದಕ್ಕೇ ಜನ ಶೋರೂಮಿನಿಂದ ನೇರವಾಗಿ ಸೀಟು ಕವರು ಹೊಲಿಯುವವನ ಅಂಗಡಿಗೆ ಬರುತ್ತಿದ್ದರು. ಬೀದಿಯವರು ಅವನಿಗಿಟ್ಟ ಹೆಸರು ‘ಗಟ್ಟಿ ಹೊಲಿಗೆ’. ಅವನು ಹಾಕಿದ ದಾರ ಬಿಚ್ಚಬೇಕಾದರೆ ಅವನನ್ನೇ ಕರೆಯಬೇಕು ಎಂದು ನಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು.

ಅವನ ಅಕ್ಕ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದಳು. ಅಕ್ಕ ಭಾವ ಕಾರು ಕೊಂಡಾಗ, ತನ್ನ ಕಡೆಯ ಉಡುಗೊರೆ ಎಂದು ದಪ್ಪ ರೆಕ್ಸಿನ್ನಿನ ಕವರು ಹೊಲಿಯಲು ಕೂತ. ಪಕ್ಕದ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುವಾಕೆ ಅಕ್ಕನ ಬಾಲ್ಯದ ಗೆಳತಿ. ಟೀ ಲೋಟ ಹಿಡಿದು ಬಂದು ಕಾರಿನ ಬಾಗಿಲಲ್ಲಿ ನಿಂತಳು.

“ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬರೆದ ಚಿಕ್ಕ ಚೀಟಿ ಇತ್ತಲ್ಲ, ಎಲ್ಲಿ?”

“ಕತ್ತರಿಸಿ ಬಿಸಾಕಿದೆ. ಕವರಿನ ಕೆಳಗೆ ಉಬ್ಬಿಕೊಂಡು ಅಸಹ್ಯವಾಗಿ ಕಾಣ್ತಿತ್ತು.”

“ಅಯ್ಯೋ ಮಾರಾಯ, ಅದರೊಳಗೆ ಬ್ಯಾಗ್ ಮಡಿಸಿಟ್ಟಿದ್ದಾರೆ ಕಣೋ. ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ಅದು ಸೀಟು ಹರ್ಕೊಂಡು ಹೊರಗೆ ಬರಬೇಕು. ನೀನು ಹೀಗೆ ಮುಚ್ಚಿಬಿಟ್ರೆ ಬರೋದೆಲ್ಲಿಂದ?”

“ಏರ್‌ಬ್ಯಾಗ್ ಇರೋದು ಸ್ಟೇರಿಂಗಲ್ಲಿ. ಅಷ್ಟೂ ಗೊತ್ತಿಲ್ವಾ ನಂಗೆ?”

“ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡು.”

“ಇರಲಿ ಬಿಡು. ಅಷ್ಟು ಜೋರಾಗಿ ಬರೋದಾದ್ರೆ ನನ್ನ ಕವರು ಯಾವ ಲೆಕ್ಕ? ಹರ್ಕೊಂಡು ಬರುತ್ತೆ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತನ್ನ ಹೊಲಿಗೆ ಹರಿಯುವುದೇ ಇಲ್ಲ ಎಂದು ಬೀದಿಯೆಲ್ಲ ಹೇಳಿಕೊಂಡು ತಿರುಗುವವನು, ಅವತ್ತು ಹರಿಯುತ್ತೆ ಎಂದು ವಾದಿಸಿದ. ಅಲ್ಲೇ ನಿಂತಿದ್ದ ಅಕ್ಕನೂ “ಹೋಗಲಿ ಬಿಡೆ, ಪ್ರೀತಿಯಿಂದ ಹೊಲೀತಿದ್ದಾನೆ” ಎಂದಳು. ಗೆಳತಿ ಟೀ ಲೋಟ ಹಿಡಿದು ಗ್ಯಾರೇಜಿಗೆ ಹೊರಟಳು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ನಾಲ್ಕು ರಸ್ತೆ ಕೂಡುವ ಕಡೆ, ಹಾಲಿನ ವ್ಯಾನೊಂದು ಅಕ್ಕ ಕೂತಿದ್ದ ಬಾಗಿಲಿಗೇ ಬಂದು ಗುದ್ದಿತು. ಕಾರು ಓಡಿಸುತ್ತಿದ್ದ ಭಾವನಿಗೆ ತರಚಿದ ಗಾಯ. ಇಬ್ಬರೂ ಬೆಲ್ಟು ಹಾಕಿದ್ದರಿಂದ ಜೀವ ಉಳಿಯಿತು. ಆದರೆ ಅಕ್ಕನ ಪಕ್ಕೆಲುಬು ಮುರಿಯಿತು, ಭುಜ ನುಜ್ಜುಗುಜ್ಜಾಯಿತು.

ಆಸ್ಪತ್ರೆಯಿಂದ ಅವನು, ಜಜ್ಜಿಹೋದ ಕಾರನ್ನು ಎಳೆದು ತಂದು ನಿಲ್ಲಿಸಿದ್ದ ಪಕ್ಕದ ಗ್ಯಾರೇಜಿಗೆ ಹೋದ. ಗೆಳತಿ ಬ್ಲೇಡಿನಿಂದ ಕವರು ಕುಯ್ದಳು. ಒಳಗೆ ಬಿಳಿ ಚೀಲ ದಾರಿ ಸಿಗದೆ ಮುದುಡಿಕೊಂಡು ಕೂತಿತ್ತು. ಅವನ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ.

“ಇದು ಹೇಗೆ ಕೆಲಸ ಮಾಡುತ್ತೆ?” ಎಂದು ಕೇಳಿದ. ಕೇಳಬೇಕಾದ ದಿನ ಕೇಳಿರಲಿಲ್ಲ.

“ಗುದ್ದಿದ್ದು ಸೆನ್ಸರಿಗೆ ತಿಳಿಯುತ್ತೆ. ತಕ್ಷಣ ಗ್ಯಾಸ್ ತುಂಬಿ ಚೀಲ ಉಬ್ಬುತ್ತೆ, ಕಣ್ಣು ಮಿಟುಕಿಸೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಾಗಿಲಿಗೂ ಮೈಗೂ ನಡುವೆ ದಿಂಬಿನ ಹಾಗೆ ನಿಂತು, ಆಮೇಲೆ ಗಾಳಿ ಬಿಟ್ಕೊಂಡು ಇಳಿಯುತ್ತೆ. ಅದಕ್ಕೇ ಸೀಟಿನ ಆ ಜಾಗದ ಹೊಲಿಗೆಯನ್ನ ಬೇಕಂತಲೇ ಬಿಚ್ಚಿಕೊಳ್ಳೋ ಹಾಗೆ ಹಾಕಿರ್ತಾರೆ.”

“ಬೇಕಂತಲೇ?”

“ಹ್ಞೂಂ.”

ಜೀವಮಾನವೆಲ್ಲ ಹೊಲಿದವನಿಗೆ, ಹರಿಯಲೆಂದೇ ಹಾಕುವ ಹೊಲಿಗೆಯೂ ಒಂದಿದೆ ಎಂದು ಗೊತ್ತಾದದ್ದು ಅವತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಇದು ಹೊರಗೆ ಬಂದಿದ್ರೆ ಅಕ್ಕನ ಭುಜ ಉಳೀತಿತ್ತಾ?”

“ಖಂಡಿತ ಅಂತ ಹೇಳಲಾರೆ. ಪೆಟ್ಟು ಕಮ್ಮಿ ಆಗ್ತಿತ್ತೇನೋ.”

ಆ ‘ಏನೋ’ ಅವನನ್ನು ರಾತ್ರಿ ನಿದ್ದೆಗೂ ಬಿಡಲಿಲ್ಲ, ಹಗಲು ಮೆಷೀನು ತುಳಿಯಲೂ ಬಿಡಲಿಲ್ಲ. ಅಕ್ಕ ಮನೆಗೆ ಬಂದ ಮೇಲೆ ಅವಳ ಮಂಚದ ಪಕ್ಕ ಕೂತು ಎಲ್ಲ ಹೇಳಿದ.

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. “ಕತ್ತರಿ ಹಿಡಿಯೋ ಕೈ ಸರಿಯಾಗೇ ಇದೆ. ಬಾಚಣಿಗೆ ಹಿಡಿಯೋ ಕೈ ಮೇಲೇಳ್ತಾ ಇಲ್ಲ. ಒಂದೇ ಕೈಯಲ್ಲಿ ಯಾರ ಕೂದಲು ಕತ್ತರಿಸಲಿ?”

“ನನ್ನನ್ನ ಬೈಯಕ್ಕ.”

“ಬೈದ್ರೆ ಕೈ ಏಳುತ್ತಾ? ಅವಳು ಹೇಳಿದಾಗ ನಾನೂ ಕೇಳಲಿಲ್ಲ. ಇಂಥ ಕವರು ಇನ್ನೆಷ್ಟು ಕಾರಿಗೆ ಹೊಲಿದಿದ್ದೀಯ?”

“ಲೆಕ್ಕ ಇಟ್ಟಿಲ್ಲ.”

“ಆ ಸೀಟಲ್ಲಿ ಕೂರೋರೂ ಯಾರಿಗೋ ಅಕ್ಕನೋ ತಂಗಿಯೋ ಆಗಿರ್ತಾರೆ. ನನ್ನ ಮುಂದೆ ಅತ್ತಿದ್ದು ಸಾಕು. ಎದ್ದು ಹೋಗಿ ಬಿಚ್ಚು.”

ಕಾರಿಗೆ ಕಂಪನಿಯವರಿಂದ ಹೊಸ ಸೀಟು, ಹೊಸ ಏರ್‌ಬ್ಯಾಗ್ ಹಾಕಿಸಿದಾಗ ಭಾವನೇ ಹೇಳಿದರು, “ಕೊಳೆ ಆದ್ರೆ ಒರೆಸಿಕೊಂಡರಾಯ್ತು. ಕವರು ಬೇಡ.”

ಈಗ ಅವನು ಕಾರು ನಿಲ್ಲಿಸುವ ಜಾಗಗಳಲ್ಲಿ ಕಿಟಕಿಯಿಂದ ಇಣುಕುತ್ತಾ ತಿರುಗುತ್ತಾನೆ. ತನ್ನ ಹೊಲಿಗೆ ಕಂಡರೆ ಅಲ್ಲೇ ನಿಂತು ಮಾಲೀಕರಿಗಾಗಿ ಕಾಯುತ್ತಾನೆ. “ದುಡ್ಡು ಕೊಟ್ಟು ಹೊಲಿಸಿದ್ದು, ಬಿಚ್ಚೋಕೆ ನೀನ್ಯಾರು?” ಎಂದು ಗದರಿದವರಿದ್ದಾರೆ. ಅವರಿಗೆ ಅಕ್ಕನ ಕೈ ಕಥೆ ಹೇಳುತ್ತಾನೆ. ಕೇಳಿದ ಮೇಲೆ ಬಹಳ ಜನ ತಾವೇ ಬಾಗಿಲು ತೆರೆದು ಕೊಡುತ್ತಾರೆ. ಆದರೆ ಎಷ್ಟೋ ಕಾರು ಊರು ಬಿಟ್ಟು ಹೋಗಿವೆ, ಕೈ ಬದಲಾಗಿವೆ. ಅವನ್ನೆಲ್ಲ ಅವನು ಎಲ್ಲಿ ಹುಡುಕಿಯಾನು?

ಅವನಿಗೆ ಸಿಗದೆ ಉಳಿದ ಕಾರು ನಿಮ್ಮದೇ ಇರಬಹುದು. ಇವತ್ತೇ ಹೋಗಿ ಸೀಟಿನ ಪಕ್ಕ ನೋಡಿ, ಕಾರಿನ ಪುಸ್ತಕ ತೆರೆದು ಓದಿ. ಅಲ್ಲಿ ಏರ್‌ಬ್ಯಾಗ್ ಇದ್ದರೆ ಮೇಲಿನ ಕವರು ತೆಗೆಸಿಬಿಡಿ. ಬೇಕೇ ಬೇಕೆಂದರೆ ಆ ಸೀಟಿಗೆಂದೇ ಪರೀಕ್ಷೆ ಮಾಡಿದ ಕವರನ್ನೇ ಹಾಕಿಸಿ. ಏರ್‌ಬ್ಯಾಗ್ ಇದೆ ಎಂದು ಬೆಲ್ಟು ಬಿಡಬೇಡಿ. ಬೆಲ್ಟು ಮೈಯನ್ನು ಹಿಡಿದುಕೊಂಡರೇ ಬ್ಯಾಗು ಕಾಪಾಡೀತು. ಸ್ಟೇರಿಂಗಿಗೆ ಎದೆ ತಾಗುವ ಹಾಗೆ ಕೂರಬೇಡಿ, ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬೇಡಿ. ಮಗುವನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಡಿ, ಅದರ ಜಾಗ ಹಿಂದಿನ ಸೀಟು.

ಅಕ್ಕನ ಅಂಗಡಿ ಇನ್ನೂ ಮುಚ್ಚಿಯೇ ಇದೆ. ನಿಮ್ಮ ಮನೆಯವರಿಗೆ ಆ ಗತಿ ಬರುವುದು ಬೇಡ. ನಾಳೆ ಎನ್ನದೆ ಈಗಲೇ ಎದ್ದು ನೋಡಿ.